ಜೇವರ್ಗಿಗೆ ನಲವತ್ತು ರಿಂಗು

ಕಾಕಾನ ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ. ಸುದ್ದಿ ಮುಟ್ಟಿದ್ದೇ ಮರುದಿನ. ಆಳಂದದ ಬಸ್ಸು ಹಿಡಿದು ನಾನು ಹೋಗಿ ಸೇರಿದ್ದು ಮೂರನೆಯ ದಿನ. ಬಂದವರಿಗೆಂದು ಪಡಸಾಲೆಯಲ್ಲಿ ಹಾಸಿದ್ದ ಜಮಖಾನೆ ಇನ್ನೂ ಹಾಗೇ ಇತ್ತು. ಅವರ ಹೆಂಡತಿ, ನಾವೆಲ್ಲ ಕಾಕಿ ಎನ್ನುತ್ತಿದ್ದವರು, ನನ್ನನ್ನು ಕಂಡು ಅಳಲಿಲ್ಲ. ಒಳಗೆ ಹೋಗಿ ಹಳೆಯ ಪೇಪರಿನಲ್ಲಿ ಸುತ್ತಿದ ಉದ್ದನೆಯ ವಹಿಯೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟರು.

“ಇದು ನಿನಗ ಕೊಡು ಅಂದಿದ್ರು ನೋಡವ್ವಾ. ನನಗ ಓದಾಕ ಬರಂಗಿಲ್ಲ. ಏನರೆ ಇರಲಿ, ಒಯ್ಯಿ.”

ಆ ವಹಿ ನನಗೆ ಗೊತ್ತಿದ್ದದ್ದೇ. ಒಂದೇ ಕಚೇರಿಯಲ್ಲಿ ಎದುರುಬದುರು ಕೂತ ದಿನಗಳಲ್ಲಿ ಅವರು ಅದನ್ನು ದಿನಕ್ಕೆ ಹತ್ತು ಸಲ ಬಿಡಿಸುವುದನ್ನು ನೋಡಿದ್ದೆ. ಮನೆಗೆ ತಂದು ಕಪಾಟಿನಲ್ಲಿಟ್ಟವಳು ಎಂಟು ದಿನ ಮುಟ್ಟಲಿಲ್ಲ. ನಿನ್ನೆ ತೆಗೆದು ಓದಿದೆ. ಓದಿದ ಮೇಲೆ ಸುಮ್ಮನಿರಲು ಆಗದೆ ಬರೆಯಲು ಕೂತಿದ್ದೇನೆ.

ಆಳಂದದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ಟ್ರಂಕ್ ಕಾಕಾ. ಎಪ್ಪತ್ತರ ದಶಕದಲ್ಲಿ ಅವರು ಟೆಲಿಫೋನ್ ಆಪರೇಟರ್ ಆಗಿದ್ದರು. ಆಗೆಲ್ಲ ಪರಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ, ಆಪರೇಟರ್ ಲೈನು ಕೂಡಿಸಿ ಕೊಡುವವರೆಗೆ ಕಾಯಬೇಕಿತ್ತು. ಮಗ ಪಾಸಾದದ್ದು, ಮಗಳು ಹಡೆದದ್ದು, ತೊಗರಿಯ ರೇಟು ಬಿದ್ದದ್ದು, ಸೋಲಾಪುರದಲ್ಲಿದ್ದ ಅಳಿಯ ಹೇಳದೆ ಕೇಳದೆ ಹೋದದ್ದು, ಎಲ್ಲ ಮೊದಲು ಅವರ ಕಿವಿಯಿಂದಲೇ ಹಾದು ಹೋಗಬೇಕು. ಹಾದು ಹೋದದ್ದು ಬಾಯಿಗೆ ಬಂದದ್ದಿಲ್ಲ. ಊರಿನವರು ಅವರ ಮೇಲೆ ಇಟ್ಟುಕೊಂಡಿದ್ದ ಮರ್ಯಾದೆಯಲ್ಲಿ ಅರ್ಧ ಪಾಲು ಅಂಜಿಕೆಯದ್ದೇ ಇದ್ದೀತು.

ಸಣಕಲು ದೇಹ, ಹಣೆಯ ಮೇಲೆ ವಿಭೂತಿ, ಎಡಗಡೆಗೆ ತುಸು ವಾಲಿದ ಕತ್ತು. ವರ್ಷಗಟ್ಟಲೆ ಹೆಡ್‌ಫೋನ್ ಹಾಕಿ ಹಾಕಿ ಆ ಕಡೆಯ ಕಿವಿ ಚಪ್ಪಟೆಯಾಗಿದೆ ಎಂದು ಕಾಕಿ ಚೇಷ್ಟೆ ಮಾಡುತ್ತಿದ್ದರು. ಸುಮ್ಮನೆ ಕೂತಾಗಲೂ ಅವರ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಸರಿಯುತ್ತಲೇ ಇರುತ್ತಿತ್ತು. ನಾನು ಹೊಸದಾಗಿ ಬಂದಾಗ, ಪಾಪ, ಶಿವನಾಮ ಎಣಿಸುತ್ತಾರೆ ಎಂದುಕೊಂಡೆ. ಒಂದು ದಿನ ಕೇಳಿಯೇ ಬಿಟ್ಟೆ.

“ಜಪ ಅಲ್ಲ ಬೇ. ಫೋನ್ ಹಚ್ಚೀನಿ. ನಿಂಬರ್ಗಾ. ಹದಿನೆಂಟು ಆಯ್ತು, ಇನ್ನ ನಾಕು ಬೇಕು.”

ಹೌದು, ಅವರ ಎಡಗೈಯಲ್ಲಿ ರಿಸೀವರ್ ಇತ್ತು. ಇಪ್ಪತ್ತೆರಡನೆಯ ರಿಂಗಿಗೆ ಆ ಕಡೆ ಯಾರೋ ಎತ್ತಿದರು. ನಿಂಬರ್ಗಾದ ಆ ಅಂಗಡಿಯಲ್ಲಿ ಫೋನು ಗಲ್ಲಾಪೆಟ್ಟಿಗೆಯ ಮೇಲೆ, ಸಾಹುಕಾರರು ಹಿಂದಿನ ಗೋದಾಮಿನಲ್ಲಿ. ತೂಕದ ಕಲ್ಲು ಇಳಿಸಿ, ಕೈ ಜಾಡಿಸಿ, ಚೀಲಗಳ ನಡುವೆ ದಾರಿ ಮಾಡಿಕೊಂಡು ಬರಲು ಇಪ್ಪತ್ತೆರಡು ರಿಂಗು. ಇದು ವಹಿಯಲ್ಲಿ ಬರೆದಿತ್ತು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕುಗಳಲ್ಲಿ ಅವರಿಗೆ ಗೊತ್ತಿದ್ದ ಪ್ರತಿ ಫೋನಿನ ಮುಂದೆ ಒಂದು ಸಂಖ್ಯೆ, ಸಂಖ್ಯೆಯ ಮುಂದೆ ಕಾರಣ. ಒಬ್ಬರ ಮನೆಯಲ್ಲಿ ಫೋನು ಅಟ್ಟದ ಮೇಲೆ. ಇನ್ನೊಬ್ಬರಿಗೆ ಮೊಣಕಾಲು ನೋವು. ಮತ್ತೊಬ್ಬರು ಮಧ್ಯಾಹ್ನ ಊಟ ಮಾಡಿ ಮಲಗುತ್ತಾರೆ, ಎಬ್ಬಿಸುವವರು ಹೆದರುತ್ತಾರೆ.

“ರಿಂಗ್ ಆಗಾಕತ್ತದ ಅಂದ್ರ ಅಲ್ಲಿ ಮನಿ ಅದ ಅಂತ ಅರ್ಥ” ಎನ್ನುತ್ತಿದ್ದರು. “ಮನಿ ಅದ ಅಂದ್ರ ಯಾರರೆ ಬರ್ತಿರ್ತಾರ.”

ಡಯಲ್ ತಿರುಗಿಸಿದರೆ ತಾನೇ ಲೈನು ಸಿಗುವ ಕಾಲ ಬಂದಾಗ ಅವರು ಆ ನೌಕರಿ ಬಿಟ್ಟರು. ಹಳ್ಳಿಗಳಿಗೆ ಔಷಧಿ ಮುಟ್ಟಿಸುವ ಒಂದು ಸಣ್ಣ ಟ್ರಸ್ಟು ಆಳಂದದಲ್ಲಿತ್ತು. ಅದನ್ನು ನಡೆಸುತ್ತಿದ್ದ ಡಾಕ್ಟರ್ ಸಾಹೇಬರು ಕಾಕಾನನ್ನು ಕರೆದು ಫೋನಿನ ಮುಂದೆ ಕೂರಿಸಿದರು. ಟ್ರಸ್ಟಿಗೆ ಅಫಜಲಪುರದಲ್ಲೊಂದು, ಜೇವರ್ಗಿಯಲ್ಲೊಂದು ಚಿಕ್ಕ ದವಾಖಾನೆ. ಆಳಂದ ಸೇರಿ ಮೂರೂ ಕಡೆ ಒಂದೊಂದು ಫ್ರಿಜ್ಜು, ಅದರಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ನಿನ ಬಾಟಲಿಗಳು. ನಮ್ಮ ಭಾಗದಲ್ಲಿ ಮಳೆಗಾಲದ ಕಳೆ ತೆಗೆಯುವ ದಿನಗಳಲ್ಲಿ ಆ ಬಾಟಲಿಗಳು ಎಲ್ಲಿ ಎಷ್ಟಿವೆ ಎನ್ನುವುದೇ ಒಂದು ಜೀವದ ಪ್ರಶ್ನೆ. ಕಾಕಾ ಪ್ರತಿದಿನ ಬೆಳಿಗ್ಗೆ ಎರಡೂ ಕಡೆ ಫೋನ್ ಹಚ್ಚಿ ಕೇಳಿ, ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ಹಳ್ಳಿಯಿಂದ ಯಾರಾದರೂ ಗಾಬರಿಯಾಗಿ ಫೋನ್ ಮಾಡಿದರೆ ಹಲಗೆ ನೋಡಿ, ಇಂಥ ಕಡೆ ಹೋಗಿ ಎಂದು ಹೇಳುವುದು.

ಇಂಥ ಕಚೇರಿಗೆ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕಂಪ್ಯೂಟರ್ ಬಂತು. ಅದರ ಹಿಂದೆಯೇ ನಾನೂ ಬಂದೆ. ಗುಲ್ಬರ್ಗಾದ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿ ಆರು ತಿಂಗಳಾಗಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದದ್ದು ಒಂದು ಕಂಪ್ಯೂಟರು, ಅದನ್ನು ಫೋನ್ ಲೈನಿಗೆ ಜೋಡಿಸುವ ಒಂದು ಮೋಡೆಮ್ಮು. ಕಚೇರಿಯಲ್ಲಿ ಕೂಲರ್ ಇದ್ದದ್ದು ಕಂಪ್ಯೂಟರ್ ಇಟ್ಟ ಕೋಣೆಗೆ ಮಾತ್ರ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕೆಂದು ನಾನೇ ಚೀಟಿ ಅಂಟಿಸಿದ್ದೆ. ಕಾಕಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸ್ತಿಲಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡರು. ನಾನು ನಕ್ಕಾಗ, “ನಿನ್ನ ದೇವರ ಮನಿ ಅಲ್ಲೇನ ಬೇ” ಎಂದು ತಾವೂ ನಕ್ಕರು.

ಕೆಲಸ ಏನೆಂದರೆ, ಮೂರು ಊರಿನ ಮೂರು ಮಷೀನುಗಳು ಫೋನ್ ಲೈನಿನ ಮೇಲೆ ತಾವೇ ಮಾತಾಡಿಕೊಳ್ಳಬೇಕು. ಆಳಂದದ ಮಷೀನು ಬೆಳಿಗ್ಗೆ ಅಫಜಲಪುರಕ್ಕೂ ಜೇವರ್ಗಿಗೂ ಡಯಲ್ ಮಾಡಿ, ಅಲ್ಲಿ ಯಾವ ಔಷಧಿ ಎಷ್ಟಿದೆ ಎಂದು ಕೇಳಿ, ಪರದೆಯ ಮೇಲೆ ತೋರಿಸಬೇಕು. ಪ್ರೋಗ್ರಾಂ ಬರೆಯುವುದು ನನ್ನ ಪಾಲಿಗೆ ಬಂತು. ಎಲ್ಲವನ್ನೂ ಬುಡದಿಂದ ಬರೆಯಬೇಕಾಗಿರಲಿಲ್ಲ. ನಮ್ಮವರು ಲೈಬ್ರರಿ ಎನ್ನುವುದು ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಗಂಟನ್ನು. ಡಯಲ್ ಮಾಡುವುದು, ಆ ಕಡೆಯ ಮೋಡೆಮ್ಮಿನ ಸಿಳ್ಳಿಗೆ ಕಾಯುವುದು, ಕೇಳುವುದು, ಲೈನ್ ಬಿಡುವುದು ಎಲ್ಲ ಅದರಲ್ಲೇ ಇದ್ದವು. ಎಷ್ಟು ಸೆಕೆಂಡು ಕಾಯಬೇಕು ಎನ್ನುವುದಕ್ಕೆ ಒಂದು ಜಾಗವಿತ್ತು, ಅಲ್ಲಿ ಮೊದಲೇ ಮೂವತ್ತು ಎಂದು ತುಂಬಿತ್ತು. ಆ ಮೂವತ್ತನ್ನು ನಾನು ಬರೆದದ್ದಲ್ಲ, ಯೋಚಿಸಿ ಒಪ್ಪಿದ್ದೂ ಅಲ್ಲ. ಯಾವುದೋ ದೂರದ ದೇಶದಲ್ಲಿ, ಬೆರಳಿಟ್ಟರೆ ಲೈನು ಸಿಗುವ ಊರಿನಲ್ಲಿ ಕೂತವನು ಇಟ್ಟ ಮೂವತ್ತನ್ನು ಮುಟ್ಟದೆ ಬಿಟ್ಟೆ, ಅಷ್ಟೆ.

ಮೊದಲ ದಿನ ಕಾಕಾ ಸ್ಟೂಲಿನ ಮೇಲೆ ಕೂತು ಮೋಡೆಮ್ಮಿನ ಸಣ್ಣ ಸ್ಪೀಕರಿಗೆ ಕಿವಿಗೊಟ್ಟರು. ಅಫಜಲಪುರ ಸಿಕ್ಕಿತು. ಜೇವರ್ಗಿಗೆ ಡಯಲ್ ಆಯಿತು. ಆ ಲೈನು ಗುಲ್ಬರ್ಗಾ ಸುತ್ತಿ, ಭೀಮಾ ನದಿ ದಾಟಿ ಹೋಗಿ ಮುಟ್ಟಲು ಇಪ್ಪತ್ತು ಸೆಕೆಂಡು ಕಳೆಯುತ್ತಿತ್ತು. ಆಮೇಲೆ ರಿಂಗು ಶುರುವಾಯಿತು. ಒಂದು, ಎರಡು, ಮೂರು. ಮೂವತ್ತು ಸೆಕೆಂಡು ಮುಗಿಯಿತು, ಮಷೀನು ಲೈನ್ ಬಿಟ್ಟಿತು. ಕಾಕಾನ ಹೆಬ್ಬೆರಳು ಮೂರನೆಯ ಗೆಣ್ಣಿನ ಮೇಲೇ ನಿಂತುಬಿಟ್ಟಿತು.

“ಮೂರಕ್ಕ ಇಟ್ಟಬಿಡ್ತಲ್ಲ ಬೇ.”

“ಅದು ಟೈಮ್‌ಔಟ್ ಕಾಕಾ. ಅಷ್ಟರಾಗ ಎತ್ತಲಿಲ್ಲ ಅಂದ್ರ ಇಲ್ಲ ಅಂತ.”

“ಜೇವರ್ಗಿಗಿ ನಲವತ್ತು ಬೇಕು. ಅಲ್ಲಿ ಕಂಪೌಂಡರ್ ಮುಂದಿನ ಖೋಲಿದಾಗ ಕೂಡ್ತಾನ, ಫೋನು, ಮಷೀನ್ ಎರಡೂ ಹಿಂದಿನ ಖೋಲಿದಾಗ ಅವ. ಮಳಿ ಗುಡುಗು ಅಂದ್ರ ಅಂವ ಎಲ್ಲಾ ಬಂದ್ ಮಾಡಿ ವೈರ್ ಕಿತ್ತಿ ಅರಿವಿ ಹೊಚ್ಚಿ ಇಡ್ತಾನ. ರಿಂಗ್ ಕೇಳಿ, ಎದ್ದು ಹೋಗಿ, ಕೀಲಿ ತಗದು, ಅರಿವಿ ತಗದು, ವೈರ್ ಹಾಕಿ ಚಾಲೂ ಮಾಡೂತನಕ ತಡೀಬೇಕಲ್ಲ.”

ಕಾಕಾ ಹೇಳಿದ್ದು ಖರೆಯಾಗಿತ್ತು. ಜೇವರ್ಗಿಯ ಕಂಪೌಂಡರನಿಗೆ ಸಿಡಿಲಿನ ಭಯ. ಒಂದು ಸಲ ಅವನ ಮನೆಯ ರೇಡಿಯೋ ಸುಟ್ಟು ಹೋಗಿತ್ತಂತೆ. ಮೋಡ ಕವಿದರೆ ಸಾಕು, ನಮ್ಮ ಮಷೀನಿಗೆ ಕೂಸಿಗೆ ಹೊದಿಸಿದಂತೆ ದುಪ್ಪಟಿ ಹೊದಿಸಿ ಬರುತ್ತಿದ್ದ. ಆದರೆ ನನಗೆ ನನ್ನದೇ ತಾಪತ್ರಯ. ಎರಡು ನಿಮಿಷ ಕಾಯಿಸಿದರೆ ಅಷ್ಟೂ ಹೊತ್ತು ಪರದೆ ನಿಂತುಬಿಡುತ್ತಿತ್ತು. ಡಾಕ್ಟರ್ ಸಾಹೇಬರು ನೋಡಲು ಬಂದವರನ್ನೆಲ್ಲ ಕರೆದುಕೊಂಡು ಬಂದು ನನ್ನ ಹಿಂದೆ ನಿಲ್ಲಿಸುತ್ತಿದ್ದರು. ನಿಂತ ಪರದೆ ನೋಡಿ, ಕೆಟ್ಟಿದೆಯೇ ಎಂದು ಅವರು ಕೇಳಿದರೆ ನನ್ನ ಮಾನ ಹೋಗುತ್ತಿತ್ತು. ಮೂರು ಸಲ ಡಯಲ್ ಮಾಡಿ, ಸಿಗದಿದ್ದರೆ ಮುಂದಕ್ಕೆ ಹೋಗುವಂತೆ ಮಾಡಿದೆ. ಸಿಗದ ಊರಿನ ಮುಂದೆ ಏನು ತೋರಿಸುವುದು ಎಂಬ ಪ್ರಶ್ನೆ ಬಂತು. ಆ ಕಾಲಮ್ಮು ಅಂಕಿ ಮಾತ್ರ ತೆಗೆದುಕೊಳ್ಳುತ್ತಿತ್ತು, ಖಾಲಿ ಬಿಟ್ಟರೆ ಪ್ರೋಗ್ರಾಂ ನಿಲ್ಲುತ್ತಿತ್ತು. ಸೊನ್ನೆ ಹಾಕಿದೆ.

ಕಾಕಾ ಪರದೆಯ ಮೇಲಿನ ಸೊನ್ನೆಯನ್ನು ಬಹಳ ಹೊತ್ತು ನೋಡಿದರು.

“ಇಲ್ಲ ಅನ್ನೋದು ಬ್ಯಾರೆ ಬೇ, ಹೇಳಲಿಲ್ಲ ಅನ್ನೋದು ಬ್ಯಾರೆ. ನೀ ಎರಡೂ ಒಂದ ಮಾಡಿದಿ.”

ನಾನು ಏನೋ ಹಾರಿಕೆಯ ಉತ್ತರ ಕೊಟ್ಟಿರಬೇಕು. ಅವರು ಸ್ಟೂಲಿನಿಂದ ಏಳಲಿಲ್ಲ. ಆ ದಿನ ನನಗೆ ಕೋಲಿನ ಆಯಿಯ ಕತೆ ಹೇಳಿದರು. ಅದನ್ನು ಅವರು ಬೇರೆ ಯಾರಿಗೂ ಹೇಳಿರಲಿಲ್ಲ ಎಂದು ಕಾಕಿಯಿಂದ ಆಮೇಲೆ ತಿಳಿಯಿತು.

ಆಪರೇಟರ್ ನೌಕರಿಗೆ ಸೇರಿದ ಹೊಸತು. ಹತ್ತು ರಿಂಗಿಗೆ ಯಾರೂ ಎತ್ತದಿದ್ದರೆ ‘ನೋ ರಿಪ್ಲೈ’ ಎಂದು ಹೇಳಿ ತಂತಿ ಕಿತ್ತುಬಿಡುವುದು ಅವರು ಕಲಿತ ವಾಡಿಕೆ. ಒಂದು ಮಧ್ಯಾಹ್ನ ಅಫಜಲಪುರದಿಂದ ಆಳಂದದ ಒಂದು ವಾಡೆಗೆ, ಹಳೆಯ ದೊಡ್ಡ ಮನೆಗೆ, ಕಾಲ್ ಬಂತು. ಅಲ್ಲಿ ಕೋಲೂರಿ ನಡೆಯುವ ಮುದುಕಿ ಒಬ್ಬಳೇ ಇದ್ದಳು. ಮಗಳು ಹೆರಿಗೆಗೆ ಅಫಜಲಪುರದ ಅತ್ತೆಮನೆಯಲ್ಲೇ ಉಳಿದಿದ್ದಳು. ಹತ್ತು ರಿಂಗು ಆಯಿತು, ಕಾಕಾ ತಂತಿ ಕಿತ್ತರು. ಮರುದಿನ ಬಸ್ಸಿಗೆ ಮನುಷ್ಯ ಬಂದು, ಹೆರಿಗೆಯಲ್ಲಿ ಮಗಳು ತೀರಿಕೊಂಡ ಸುದ್ದಿ ಹೇಳಿದ. ಮಗಳು ಕೊನೆಗಳಿಗೆಯಲ್ಲಿ ಅವ್ವನ ದನಿ ಕೇಳಬೇಕು ಎಂದು ಹಟ ಹಿಡಿದಿದ್ದಳಂತೆ, ಪಕ್ಕದ ಮನೆಯ ಫೋನಿನ ತನಕ ಅವಳನ್ನು ಹೊತ್ತು ತಂದಿದ್ದರಂತೆ. ತಿಂಗಳಾದ ಮೇಲೆ ಆಯಿ ಕೋಲೂರಿಕೊಂಡು ಎಕ್ಸ್‌ಚೇಂಜಿಗೆ ಬಂದಳು. ಬೈಯಲಿಲ್ಲ.

“ನಾ ಬರಾಕತ್ತಿದ್ದೆ ತಮ್ಮಾ. ಅಂಗಳ ದಾಟಿದ್ದೆ” ಎಂದಳಂತೆ. ಅಷ್ಟು ಹೇಳಿ ಹೋದಳಂತೆ.

ಅವತ್ತು ಸಂಜೆ ಕಾಕಾ ಆ ವಾಡೆಗೆ ಹೋದರು. ಆಯಿಯ ಅಡುಗೆಮನೆಯಿಂದ ಫೋನಿದ್ದ ಪಡಸಾಲೆಯವರೆಗೆ, ಆಯಿಯ ಹಾಗೆಯೇ ಕಾಲೆಳೆದುಕೊಂಡು, ಮನಸ್ಸಿನಲ್ಲಿ ರಿಂಗು ಎಣಿಸುತ್ತಾ ನಡೆದರು. ಇಪ್ಪತ್ತಾರು. ಬರುವಾಗ ಪೇಟೆಯಲ್ಲಿ ಒಂದು ವಹಿ ಕೊಂಡು ಮೊದಲ ಸಾಲು ಬರೆದರು: ‘ಆಯಿ ವಾಡೆ, ಇಪ್ಪತ್ತಾರು, ಕೋಲೂರಿ ಬರಬೇಕು.’ ಅಲ್ಲಿಂದಾಚೆಗೆ ಆ ನೌಕರಿ ಬಿಡುವ ತನಕ, ಎಷ್ಟು ಬೈಸಿಕೊಂಡರೂ, ಹತ್ತಕ್ಕೆ ತಂತಿ ಕೀಳಲಿಲ್ಲ.

ಇಷ್ಟು ಹೇಳಿ ನನ್ನ ಮುಖ ನೋಡಿದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಆ ನೀರಿನಲ್ಲೇ ಮೂವತ್ತನ್ನು ಮೂವತ್ತಾಗಿ ಉಳಿಸಿಕೊಂಡೆ. ನೂರಿಪ್ಪತ್ತು ಎಂದು ಬದಲಿಸಲು ಬೇಕಾಗಿದ್ದದ್ದು ಒಂದು ಸಾಲು. ಒಂದು ನಿಮಿಷದ ಕೆಲಸ. ಕತೆ ಕೇಳಿ ಅತ್ತದ್ದನ್ನೇ ಕೆಲಸ ಮಾಡಿದೆ ಎಂದು ತಿಳಿದುಕೊಂಡ ವಯಸ್ಸು ಅದು.

ಕೆಲವು ತಿಂಗಳು ಏನೂ ಆಗಲಿಲ್ಲ, ಯಾಕೆಂದರೆ ಕಾಕಾನ ಹಲಗೆ ಇನ್ನೂ ಇತ್ತು. ಪರದೆಯಲ್ಲಿ ಜೇವರ್ಗಿ ಸೊನ್ನೆ ಎಂದರೆ ಅವರು ಫೋನ್ ಹಚ್ಚಿ, ನಲವತ್ತು ಎಣಿಸಿ, ಕೇಳಿ ಹಲಗೆಯ ಮೇಲೆ ಬರೆಯುತ್ತಿದ್ದರು. ಆಮೇಲೆ ಡಾಕ್ಟರ್ ಸಾಹೇಬರು, ಮಷೀನಿರುವಾಗ ಹಲಗೆ ಯಾಕೆ, ಬಂದವರು ನಗುತ್ತಾರೆ ಎಂದು ಹಲಗೆ ತೆಗೆಸಿದರು. ಕಾಕಾನಿಗೆ ಟಪಾಲಿನ ಕೆಲಸ ಕೊಟ್ಟರು. ಕಾಕಾ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಗೋಡೆಗೆ ಮುಖ ಮಾಡಿ ಇಟ್ಟರು. ನಾನು ಆ ದಿನ ಸುಮ್ಮನೆ ಕೀಲಿಮಣೆ ಕುಟ್ಟುತ್ತಿದ್ದೆ.

ಶ್ರಾವಣದ ಒಂದು ಬುಧವಾರ. ವಾರವೆಲ್ಲ ಮೋಡ, ಗುಡುಗು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಫೋನ್ ಬಂತು. ಜೇವರ್ಗಿಗೂ ಅಫಜಲಪುರಕ್ಕೂ ನಡುವಿನ ಒಂದು ಹಳ್ಳಿಯ ಅಂಗಡಿಯಿಂದ. ಗಂಡಸಿನ ದನಿ, ಏದುಸಿರು, ಕಚೇರಿಗೆಲ್ಲ ಕೇಳುವಷ್ಟು ಜೋರು.

“ಅಕ್ಕೋರ, ನಮ್ಮ ಮನ್ಯಾಕಿಗಿ ಹಾವು ಕಡದದ್ರಿ. ತೊಗರಿ ಹೊಲದಾಗ. ಜೀಪ್ ಸಿಕ್ಕದ. ಯಾ ಕಡಿ ಹೋಗ್ಬೇಕ್ರಿ?”

ನಾನು ಪರದೆ ನೋಡಿದೆ. ಅಫಜಲಪುರ ನಾಲ್ಕು. ಜೇವರ್ಗಿ ಸೊನ್ನೆ.

“ಅಫಜಲಪುರಕ್ಕ ಹೋಗ್ರಿ.”

“ಜೇವರ್ಗಿ ಸಮೀಪ ಆಗ್ತದಲ್ರಿ ಅಕ್ಕೋರ. ಅಫಜಲಪುರ ಇದರ ಮೂರು ಪಟ್ಟು ದೂರ.”

“ಜೇವರ್ಗಿದಾಗ ಇಲ್ರಿ. ಜಲ್ದಿ ಹೊಂಡ್ರಿ.”

ಅವನು ಫೋನಿಟ್ಟ. ನಾನೂ ಇಟ್ಟೆ. ತಿರುಗಿ ನೋಡಿದರೆ ಕಾಕಾ ಎದ್ದು ಬಂದು ನಿಂತಿದ್ದಾರೆ, ಅಂಟು ಹಚ್ಚಿದ ಲಕೋಟೆ ಇನ್ನೂ ಕೈಯಲ್ಲೇ ಇದೆ. ಲಕೋಟೆ ಕೆಳಗಿಟ್ಟು ರಿಸೀವರ್ ಎತ್ತಿ ಡಯಲ್ ತಿರುಗಿಸಲು ಶುರು ಮಾಡಿದರು.

“ಯಾರಿಗಿ ಕಾಕಾ?”

“ಜೇವರ್ಗಿಗಿ ಒಮ್ಮಿ ಕೇಳ್ತೇನಿ. ಅಂವ ಫೋನ್ ಮಾಡಿದ ಅಂಗಡಿಯವರ ನಂಬರ್ ನನ್ನ ವಹಿದಾಗ ಅದ. ಅವರು ಜೀಪಿನಾಗ ಅಕಿನ್ನ ಹತ್ತಸೂದ್ರಾಗ ಹೊಳ್ಳಿ ಹೇಳಬಹುದು.”

ಕಚೇರಿಗೆ ಇದ್ದದ್ದು ಒಂದೇ ಲೈನು. ಅಫಜಲಪುರಕ್ಕೆ ತಿಳಿಸಬೇಕಿತ್ತು, ಬಾಟಲಿ ಹೊರಗೆ ತೆಗೆದಿಡಿ, ಸಿಸ್ಟರನ್ನು ಊಟಕ್ಕೆ ಬಿಡಬೇಡಿ ಎಂದು. ನನ್ನ ತಲೆಯಲ್ಲಿ ಅದೊಂದೇ ಇತ್ತು. ಜೇವರ್ಗಿಗೆ ನಲವತ್ತು ರಿಂಗು ಎಂದರೆ ಎರಡು ನಿಮಿಷ ಹಾಳು.

“ಇಡ್ರಿ ಕಾಕಾ. ಮಷೀನ್ ಇಲ್ಲ ಅಂತ ತೋರಸಾಕತ್ತದಲ್ಲ. ನನಗ ಲೈನ್ ಬೇಕು.”

ಅವರ ಬೆರಳು ಡಯಲಿನ ತೂತಿನಲ್ಲೇ ಇತ್ತು. ನನ್ನನ್ನು ನೋಡಿದರು, ಪರದೆಯನ್ನು ನೋಡಿದರು. ಎಷ್ಟೋ ವರ್ಷ ಯಾರು ಏನಂದರೂ ರಿಂಗು ಮುಗಿಯುವ ಮೊದಲು ಇಡದ ಮನುಷ್ಯ, ಮಗಳ ವಯಸ್ಸಿನವಳ ಮಾತಿಗೆ ರಿಸೀವರ್ ಇಟ್ಟರು. ನಾನು ಅಫಜಲಪುರಕ್ಕೆ ಫೋನ್ ಮಾಡಿದೆ. ಮೂರನೆಯ ರಿಂಗಿಗೇ ಎತ್ತಿದರು.

ಜೀಪು ಅಫಜಲಪುರ ಮುಟ್ಟಲಿಲ್ಲ ಎನ್ನಬಾರದು, ಮುಟ್ಟಿತು. ಸಿಸ್ಟರು ಬಾಗಿಲಲ್ಲೇ ನಿಂತಿದ್ದರು, ಬಾಟಲಿ ಹೊರಗೇ ಇತ್ತು. ಜೀಪಿನಲ್ಲಿ ಬಂದವಳಿಗೆ ಅದರ ಅಗತ್ಯ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲು ಬಿತ್ತು. ಜೇವರ್ಗಿಯ ಕಂಪೌಂಡರ್ ದುಪ್ಪಟಿ ತೆಗೆದು ಮಷೀನು ಚಾಲೂ ಮಾಡಿದ್ದಾನೆ. ನಮ್ಮ ಪರದೆಯ ಮೇಲೆ ಜೇವರ್ಗಿಯ ಮುಂದೆ ಎಂಟು ಎಂದು ಬಂತು. ಕಾಕಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿದರು.

“ನಿನ್ನಿನೂ ಇದ್ವೇನ ಬೇ ಇವು?”

ಅವರೇ ಫೋನ್ ಹಚ್ಚಿದರು. ಗೆಣ್ಣು ಎಣಿಸುತ್ತಾ ನಿಂತರು. ಆ ಕಡೆಯ ಕಂಪೌಂಡರ್ ದೊಡ್ಡ ದನಿಯವನು, ನನಗೂ ಕೇಳಿಸಿತು.

“ಹೌದ್ರಿ ಕಾಕಾ, ಹ್ವಾದ ವಾರದಿಂದ ಎಂಟ ಅವ. ಯಾಕ್ರಿ?”

ಕಾಕಾ ಯಾಕೆಂದು ಹೇಳದೆ ಫೋನಿಟ್ಟರು. ಸ್ಟೂಲಿನ ಮೇಲೆ ಕೂತರು. ಅವರು ಬೈಯಲಿ ಎಂದು ನಾನು ಕಾದೆ. ಜೀವನದಲ್ಲಿ ಯಾವುದನ್ನೂ ಅಷ್ಟು ಆಸೆಯಿಂದ ಕಾದಿಲ್ಲ. ಅವರು ತಮ್ಮ ಬೆರಳು ನೋಡಿಕೊಳ್ಳುತ್ತಾ ಒಂದೇ ಮಾತು ಅಂದರು.

“ಎರಡನೇ ಸಲ ಇಟ್ಟೆ ನೋಡು.”

“ಕಾಕಾ, ನಾನ ಇಡ್ರಿ ಅಂದೆ. ಸೊನ್ನೆ ಹಾಕಿದಾಕಿ ನಾನು.”

“ನೀ ಸಣ್ಣಾಕಿ. ನಿನಗ ಏನ್ ಗೊತ್ತು. ನನಗ ಗೊತ್ತಿತ್ತು. ಗೊತ್ತಿದ್ದಾಂವ ಇಡಬಾರದು.”

ಡಾಕ್ಟರ್ ಸಾಹೇಬರು ಇಬ್ಬರನ್ನೂ ಕರೆದು ಸಮಾಧಾನ ಹೇಳಿದರು. ಹಾವಿನ ವಿಷದ ಮಾತು ಯಾರಿಗೆ ಗೊತ್ತು, ಜೇವರ್ಗಿಗೆ ಹೋಗಿದ್ದರೂ ಬದುಕುತ್ತಿದ್ದಳೆಂದು ಹೇಳಲು ಬರುವುದಿಲ್ಲ, ಅವಳ ಆಯುಷ್ಯ ಅಷ್ಟಿತ್ತು ಎಂದರು. ಆ ಮಾತನ್ನು ನಾನು ಎರಡೂ ಕೈಯಿಂದ ಹಿಡಿದುಕೊಂಡೆ, ಬಹಳ ವರ್ಷ ಬಿಡಲಿಲ್ಲ. ಕಾಕಾ ಮಾತ್ರ ಎದ್ದು ನಿಂತು, “ಇರಬಹುದ್ರಿ. ಆದ್ರ ಅಂವ ಕೇಳಿದ್ದು ಯಾ ಕಡಿ ಅಂತ. ನಾವು ತಿಳೀದ ಹೇಳಿದ್ವಿ” ಎಂದು ಹೊರಗೆ ಹೋದರು. ಮರುವಾರದಿಂದ ಕೆಲಸಕ್ಕೆ ಬರಲಿಲ್ಲ.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾನೂ ಹಾಕಿದೆ. ಪ್ರತಿ ಊರಿಗೂ ಬೇರೆ ಬೇರೆ ಕಾಯುವ ಹೊತ್ತು ಇಟ್ಟೆ, ಜೇವರ್ಗಿಗೆ ಕಾಕಾನ ಲೆಕ್ಕದಂತೆ ನೂರಿಪ್ಪತ್ತು ಸೆಕೆಂಡು. ಲೈನು ಸಿಗುವವರೆಗೆ ಕಾಯುವುದು ಬೇರೆ, ಸಿಕ್ಕ ಮೇಲೆ ಆ ಕಡೆಯವರು ಹುಡುಕಿ ಹೇಳುವವರೆಗೆ ಕಾಯುವುದು ಬೇರೆ ಎಂದು ಎರಡನ್ನೂ ಬಿಡಿಸಿ ಬರೆದೆ. ಕಾಲಮ್ಮಿನ ಬುಡವನ್ನೇ ಬದಲಿಸಿ, ಎತ್ತದಿದ್ದರೆ ಸೊನ್ನೆಯ ಬದಲು ‘ಉತ್ತರ ಇಲ್ಲ, ಫೋನ್ ಮಾಡಿ ಕೇಳಿ’ ಎಂದು ಬರುವಂತೆ ಮಾಡಿದೆ. ಎಲ್ಲ ಸೇರಿ ಎರಡು ದಿನದ ಕೆಲಸ. ಅದರ ಪ್ರಿಂಟ್ ತೆಗೆದುಕೊಂಡು ಕಾಕಾನ ಮನೆಗೆ ಹೋದೆ. ಏನೋ ತಂದುಕೊಡುತ್ತಿದ್ದೇನೆ ಎಂಬ ಭಾವ ನನ್ನಲ್ಲಿತ್ತು, ಈಗ ನೆನೆದರೆ ಮೈ ಉರಿಯುತ್ತದೆ.

ಕಾಕಾ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಅಕ್ಷರ ಅಕ್ಷರ ಓದಿದರು. ಮಡಚಿ ವಾಪಸು ಕೊಟ್ಟರು.

“ಈಗ ಖರೆ ಹೇಳ್ತದ.”

“ಹೌದ್ರಿ ಕಾಕಾ.”

“ಯಾರಿಗಿ ಬೇ?”

ಕಾಕಿ ಛಾ ತಂದಿಟ್ಟರು. ಬಸಿಯಲ್ಲಿ ಸುರಿದ ಛಾ ಆರಿ ಕೆನೆ ಕಟ್ಟಿತು, ಇಬ್ಬರೂ ಕುಡಿಯಲಿಲ್ಲ.

ಆಮೇಲೆ ನಾನು ಆಗಾಗ ಹೋಗುತ್ತಿದ್ದೆ, ಹೋಗಲು ಮನಸ್ಸಿಲ್ಲದಿದ್ದರೂ. ಅವರ ಮನೆಗೂ ಒಂದು ಫೋನಿತ್ತು. ಅದು ಬಡಿದುಕೊಂಡರೆ ಕಾಕಾ ಎತ್ತುತ್ತಿರಲಿಲ್ಲ, ಕಾಕಿಯೇ ಒಳಗಿನಿಂದ ಓಡಿ ಬರಬೇಕು. ಅವರು ಕಟ್ಟೆಯ ಮೇಲೆ ಕೂತು ಗೆಣ್ಣು ಎಣಿಸುತ್ತಿದ್ದರು. ಫೋನು ಸುಮ್ಮನಿದ್ದಾಗಲೂ ಹೆಬ್ಬೆರಳು ಸರಿಯುತ್ತಲೇ ಇತ್ತು. ಏನು ಎಣಿಸುತ್ತೀರಿ ಎಂದು ಒಮ್ಮೆ ಕೇಳಿದೆ. ಜೀಪು ಆ ಹಳ್ಳಿಯಿಂದ ಜೇವರ್ಗಿಗೆ ಹೋಗಲು ಎಷ್ಟು ಹೊತ್ತು ಎಂದು ನೋಡುತ್ತಿದ್ದೇನೆ ಎಂದರು. ದಿನವೂ ಒಂದಿಷ್ಟು ಸಲ ಆ ಜೀಪನ್ನು ಜೇವರ್ಗಿಗೆ ಮುಟ್ಟಿಸುತ್ತಿದ್ದರು. ಪ್ರತಿ ಸಲವೂ ಅವಳು ಬದುಕಿರುವಾಗಲೇ ಮುಟ್ಟುತ್ತಿತ್ತು, ಅದೇ ಕಷ್ಟ.

ತಾಳಿದವನು ಬಾಳಿಯಾನು ಎನ್ನುತ್ತಾರೆ. ತಾಳಿದ್ದು ಕಾಕಾ. ಆ ಆಯಿಯ ಮಗಳಾಗಲಿ, ತೊಗರಿ ಹೊಲದವಳಾಗಲಿ, ಕೊನೆಗೆ ಕಾಕಾ ಆಗಲಿ, ಆ ತಾಳ್ಮೆಯಿಂದ ಬಾಳಿದ್ದು ಯಾರು ಎಂದು ನನಗೆ ಗೊತ್ತಿಲ್ಲ. ನಾನಂತೂ ಬಾಳುತ್ತಿದ್ದೇನೆ. ಈಗ ಗುಲ್ಬರ್ಗಾದಲ್ಲಿ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತೇನೆ. ಕಾಯುವ ಹೊತ್ತಿನ ಪಾಠ ಬಂದಾಗ, ಪುಸ್ತಕದಲ್ಲಿ ಕೊಟ್ಟ ಅಂಕಿಯನ್ನು ಮುಟ್ಟದೆ ಬಿಡಬೇಡಿ, ಆ ತುದಿಯಲ್ಲಿ ಯಾರು ಎಲ್ಲಿಂದ ಎದ್ದು ಬರಬೇಕು ಎಂದು ತಿಳಿದುಕೊಂಡು ಹಾಕಿ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುತ್ತಾರೆ.

ನಿನ್ನೆ ವಹಿ ಬಿಚ್ಚಿದೆನಲ್ಲ. ಮೊದಲ ಸಾಲು ‘ಆಯಿ ವಾಡೆ, ಇಪ್ಪತ್ತಾರು, ಕೋಲೂರಿ ಬರಬೇಕು.’ ನಿಂಬರ್ಗಾದ ಅಂಗಡಿ ಇದೆ. ಆ ಬುಧವಾರ ಫೋನ್ ಬಂದ ಹಳ್ಳಿಯ ಅಂಗಡಿ ಇದೆ, ‘ಎಂಟು, ಜಲ್ದಿ ಎತ್ತುತ್ತಾರೆ’ ಎಂದು. ಗುಲ್ಬರ್ಗಾದ ನಮ್ಮ ಮನೆಯೂ ಇದೆ, ‘ಹದಿನಾಲ್ಕು, ತಾಯಿಗೆ ಕಿವಿ ಮಂದ’ ಎಂದು ಬರೆದಿದ್ದಾರೆ. ಜೇವರ್ಗಿ ದವಾಖಾನೆಗೆ ಪೂರ್ತಿ ಒಂದು ಪುಟ. ಮೇಲೆ ನಲವತ್ತು ಎಂದಿದೆ, ಕೆಳಗೆ ಕೀಲಿ, ಅರಿವೆ, ಗುಡುಗು ಎಂದು ಕಾರಣಗಳು. ಅದರ ಕೆಳಗೆ, ಬೇರೆ ಮಸಿಯಲ್ಲಿ ಬರೆದ ಎರಡು ಸಾಲು.

‘ಬುಧವಾರ. ಐದನೇ ನಂಬರ್ ತಿರುವುವಾಗ ಇಟ್ಟೆ. ತಪ್ಪು ನಂದು.’

ಹಿಂದೆ ಮುಂದೆ ಎಲ್ಲ ಪುಟ ತಿರುವಿದೆ. ಪ್ರತಿ ಫೋನಿಗೂ ಕಾರಣ ಬರೆಯದೆ ಬಿಡದ ಮನುಷ್ಯ ಅಲ್ಲಿ ಮಾತ್ರ ಕಾರಣ ಬರೆದಿಲ್ಲ. ಇಡಿ ಎಂದವಳು ಯಾರು ಎಂದು ಆ ವಹಿಯಲ್ಲಿ ಎಲ್ಲೂ ಇಲ್ಲ.